ತಿಕ್ಕಿ ತಿಕ್ಕಿ ಸವೆದ ನಂಬರು

ನಮ್ಮವ್ವ ಬಂದೂಕ ತಿಕ್ಕತಿದ್ದಳು. ಹಿಂಗಂದ್ರ ಮಂದಿ ನಗತಾರ. ನಗ್ರಿ, ನನಗೇನೂ ಸಿಟ್ಟಿಲ್ಲ. ನಾನೂ ಮೊದಲ ನಗತಿದ್ದೆ.

ಕರಜಗಿ ಕಡೆ ನನ್ನ ತವರುಮನಿ. ಮಹಾನವಮಿ ಹಿಂದಿನ ದಿನ ಅಲ್ಲಿ ಹತ್ಯಾರ ತೊಳಿಯೂ ದಿನ. ಕುಡಗೋಲು, ಕುರ್ಪಿ, ಕೊಡ್ಲಿ, ಈಗೀಗ ಕಬ್ಬಿಗೆ ಔಷಧ ಹೊಡಿಯೂ ಪಂಪು, ಅಣ್ಣನ ಬೈಕು, ಎಲ್ಲಾ ಅಂಗಳಕ್ಕ ಬರತಾವ. ದೇವರ ಜಗಲಿ ಮ್ಯಾಲಿನ ಹಿತ್ತಾಳಿ ತಂಬಗಿ, ದೀಪದ ಸಮೆ ಸೈತ ಅವತ್ತೇ ಹೊರಗ ಬರತಾವ. ಅವ್ವ ಹುಣಸಿಹಣ್ಣು ನೆನಿ ಇಟ್ಟು, ಹಳೇ ಇಟ್ಟಂಗಿ ಕುಟ್ಟಿ ಪುಡಿ ಮಾಡ್ಕೊಂಡು, ತೆಂಗಿನ ನಾರು ಹಿಡಿದು ಕುಂತಳಂದ್ರ ಯಾರೂ ಹತ್ರ ಹೋಗಂಗಿಲ್ಲ. ಮೊದಲ ಹಿತ್ತಾಳಿ, ಆಮ್ಯಾಲ ಕಬ್ಬಿಣ, ಎಲ್ಲಾ ಮುಗದ ಮ್ಯಾಲ ಬಂದೂಕ. ಅಪ್ಪ ಅದನ್ನ ಬಿಚ್ಚಿ, ಒಳಗ ತೋಟಾ ಇಲ್ಲಂತ ಎರಡು ಸಲ ಕಣ್ಣಿಟ್ಟು ನೋಡಿ, ಆಕಿ ತೊಡಿ ಮ್ಯಾಲ ಇಡತಿದ್ದ.

'ಏ, ಅದು ಸಮೆ ಅಲ್ಲ, ಎಣ್ಣಿ ಬಟ್ಟಿಲೆ ಒರಸಿದ್ರ ಸಾಕು' ಅಂತಿದ್ದ ಅಪ್ಪ.

'ದೇವರ ಮುಂದ ಇಡೂದು. ಎಣ್ಣಿ ಜಿಡ್ಡು ಹಚ್ಚಿ ಇಡ್ಲೇನು?' ಅಂತಿದ್ದಳು ಅವ್ವ. ಅಪ್ಪ ಸುಮ್ಮನಾಗತಿದ್ದ. ಊರಾಗ ಯಾರ ಮಾತಿಗೂ ಸುಮ್ಮನಾಗದ ಮನಷ್ಯಾ ವರ್ಷಕ್ಕ ಅದೊಂದು ಸಲ ಸುಮ್ಮನಾಗತಿದ್ದ.

ಮರುದಿನ ಪೂಜಾ. ಬಂದೂಕಿಗೆ ವಿಭೂತಿ, ಕುಂಕುಮ, ಒಂದು ಚಂಡುಹೂವಿನ ಮಾಲಿ. ಆಮ್ಯಾಲ ಅಪ್ಪ ಅದನ್ನ ತಗೊಂಡು ಹೊಲಕ್ಕ ಹೋಗಿ ಆಕಾಶಕ್ಕ ಒಂದು ಬಾರು ಹಾರಿಸಿ ಬರತಿದ್ದ. ಅವ ತಿರುಗಿ ಬಂದು, ಖಾಲಿ ಬಂದೂಕ ಪಡಸಾಲಿ ಗೂಟಕ್ಕ ಹಾಕೂತನ ಅವ್ವ ಒಂದು ಹನಿ ನೀರೂ ಕುಡೀತಿದ್ದಿಲ್ಲ. ನಾವೆಲ್ಲ ಹೋಳಿಗಿ ತಿಂದು ಕೈ ತೊಳಕೊಂಡಿರತಿದ್ದಿವಿ, ಆಕಿ ಬಾಗಲಾಗ ಕುಂತಿರತಿದ್ದಳು. ಅವ್ವನ ನವಮಿ ಉಪವಾಸ ಅಂತ ನಾವು ಅದಕ್ಕ ಹೆಸರಿಟ್ಟಿದ್ದಿವಿ.

ನನಗ ಆ ಬಂದೂಕ ಕಂಡ್ರ ಆಗತಿದ್ದಿಲ್ಲ. ಕಾರಣ ಅದ. ನನಗಾಗ ಹನ್ನೆರಡು ವರ್ಷ. ಬದುವಿನ ಸಂಬಂಧ ಬಾಜೂ ಹೊಲದವನ ಜೋಡಿ ಅಪ್ಪಂದು ಜಗಳ ಹತ್ತಿತ್ತು. ಅವ ನಮ್ಮ ಅಂಗಳಕ್ಕೇ ಬಂದು ಒದರಾಡಾಕತ್ತಿದ. ಅಪ್ಪ ಒಳಗ ಬಂದು ಗೂಟದ ಮ್ಯಾಲಿಂದ ಬಂದೂಕ ತೆಗೆದ. ಅಡಿಗಿಮನ್ಯಾಗ ಅವ್ವ ರೊಟ್ಟಿ ಬಡಿಯಾಕತ್ತಿದ್ದಳು. ಆ ಸಪ್ಪಳ ನಿಂತೇ ಹೋತು. ನನಗ ಇವತ್ತಿಗೂ ನೆನಪಿರೂದು ಅದೇ, ರೊಟ್ಟಿ ಸಪ್ಪಳ ನಿಂತಿದ್ದು. ಅಪ್ಪ ಹೊಸ್ತಿಲ ಮ್ಯಾಲ ನಿಂತು ಬಂದೂಕ ಎತ್ತಿ ಅವನ ಎದಿಗೆ ಹಿಡದ. ಓಣಿ ಮಂದಿ ಬಂದು ಇಬ್ಬರನ್ನೂ ಹಿಡಕೊಂಡ್ರು. ಏನೂ ಆಗಲಿಲ್ಲ. ಎರಡು ವರ್ಷ ಆದ ಮ್ಯಾಲ ಅವರಿಬ್ಬರೂ ಒಂದೇ ಕಟ್ಟಿ ಮ್ಯಾಲ ಕುಂತು ಎಲಿ ಹಾಕ್ಕೊಂಡು ನಗತಿದ್ರು. ಅಣ್ಣ ಅದನ್ನ ಅಪ್ಪನ ಶೌರ್ಯ ಅಂತ ಹೇಳ್ಕೊಂಡು ತಿರಗತಿದ್ದ. ಅವ್ವ ಮಾತ್ರ ಅದರ ಬಗ್ಗೆ ಒಂದು ಸಲಾನೂ ಬಾಯಿ ಬಿಡಲಿಲ್ಲ. ಆಕಿಗೆ ಅದೇನೂ ಅನಸೇ ಇಲ್ಲ ಅಂತ ನಾ ತಿಳ್ಕೊಂಡಿದ್ದೆ, ಆಕಿ ಮ್ಯಾಲ ನನಗ ಸಿಟ್ಟೂ ಇತ್ತು.

ನಾ ಈಗ ಜೇವರ್ಗಿಯಾಗ ತಹಸೀಲ್ ಕಚೇರಿ ಎದುರು ಅರ್ಜಿ ಬರಿಯಾಕಿ. ಮೊದಲ ಟೈಪ್ ಮಷೀನಿತ್ತು, ಈಗ ಒಂದು ಕಂಪ್ಯೂಟರು, ಪ್ರಿಂಟರು. ಪಹಣಿ, ವಾರಸಾ, ಪಿಂಚಣಿ, ಮಂದಿ ಸಂಕಟ ಎಲ್ಲಾ ನನ್ನ ಮೇಜಿನ ಮ್ಯಾಲೇ ಬಂದು ಕುಂದರತಾವ. ಬಂದೂಕಿನ ಅರ್ಜಿನೂ ಬರದೇನಿ. ಎಲೆಕ್ಷನ್ ಬಂತಂದ್ರ ಲೈಸೆನ್ಸ್ ಇದ್ದವರೆಲ್ಲ ಬಂದೂಕ ಒಯ್ದು ಠಾಣೆಗೆ ಒಪ್ಪಿಸಬೇಕು. 'ನಮ್ಮ ಹೊಲಕ್ಕ ಹಂದಿ ಕಾಟ ಅದ, ನಮಗ ಬಿಡ್ರಿ' ಅಂತ ರಿಯಾಯಿತಿ ಕೇಳಾಕ ರೈತರು ನನ್ನ ಕಡೆ ಬರತಾರ. ಬರದು ಕೊಡತೇನಿ. ಮನಸಿನ್ಯಾಗ ಮಾತ್ರ, ಠಾಣ್ಯಾಗೇ ಇರಲಿ ಬಿಡು ಅನಕೋತೇನಿ.

ಇದರ ಸಂಬಂಧ ನಂದೂ ಅಣ್ಣಂದೂ ಫೋನಿನ್ಯಾಗ ಆಗದ ಜಗಳ ಇಲ್ಲ. ಅವನು ಊರಾಗ ಒಕ್ಕಲುತನ ಮಾಡತಾನ, ಭೀಮಾ ದಂಡಿಗೆ ಕಬ್ಬು. ಎತ್ತು ಏರಿಗೆ ಎಳೀತು, ಕ್ವಾಣ ನೀರಿಗೆ ಎಳೀತು ಅನ್ನೂ ಗಾದಿ ನಮ್ಮಿಬ್ಬರನ್ನ ನೋಡೇ ಮಾಡಿರಬೇಕು.

'ನಂಬರ್ ಹಾಕಿ, ಬುಕ್ಕಿನ್ಯಾಗ ಬರಕೊಂಡ್ರ ಬಂದೂಕ ಸಾಧು ಆಗತದೇನು ಬೇ? ಕಳ್ಳ ಪಿಸ್ತೂಲ್ ಇಟಗೊಂಡವ ಯಾವ ಠಾಣೆಗೆ ಹೋಗಿ ಬರಸತಾನ? ಸಾಲಿನ್ಯಾಗ ನಿಂದ್ರೂದು ನಮ್ಮಂಥವರೇ, ಸಿಗೂದೂ ನಮ್ಮಂಥವರೇ' ಅಂತಿದ್ದ.

'ಬೈಕಿಗೆ ನಂಬರ್ ಅದ. ನನಗೂ ನಿನಗೂ ಆಧಾರ್ ಅದ. ನಿನ್ನ ಎಮ್ಮಿ ಕಿವಿಗೂ ಹಳದಿ ಬಿಲ್ಲೆ ಹೊಡದು ನಂಬರ್ ಹಾಕ್ಯಾರ. ಬಂದೂಕೇನು ನಿನ್ನ ಸ್ವಾದರಮಾವನ ಮಗಳೇನು, ಲೆಕ್ಕಿಲ್ಲದಂಗ ಮನ್ಯಾಗ ಇಟಗೊಳ್ಳಾಕ?'

'ಎಲೆಕ್ಷನ್ ಬಂತಂತ ಎಮ್ಮಿನ ಒಯ್ದು ಠಾಣ್ಯಾಗ ಕಟ್ಟತಾರೇನು? ಎಲೆಕ್ಷನ್ ಅದಾವಂತ ಹಂದಿಗೆ ಯಾರಾರ ಹೇಳ್ಯಾರೇನು?'

ಖರೇನೇ ಹೇಳಬೇಕಂದ್ರ, ಹಂದಿ ಹೊಕ್ಕ ಕಬ್ಬು ನಾನೂ ನೋಡೇನಿ. ತಿನ್ನೂದು ಕಡಿಮಿ, ಕೆಡವೂದೇ ಹೆಚ್ಚು. ಲೈಸೆನ್ಸ್ ಇದ್ದದ್ದೂ ಬೆಳಿ ರಕ್ಷಣೆಗೇ. ಆಕಾಶಕ್ಕ ಒಂದು ಬಾರು ಹಾರಿಸಿದ್ರ ಹಂದಿ ಹಿಂಡು ನಾಕು ದಿನ ಆ ಕಡೆ ಹಾಯತಿದ್ದಿಲ್ಲ.

ಹೋದ ವರ್ಷ ಮಹಾನವಮಿ ಮುಂದ ಅಪ್ಪ ತೀರಿಕೊಂಡ. ಲೈಸೆನ್ಸ್ ಅವನ ಹೆಸರಿನ್ಯಾಗ ಇತ್ತು, ಹಂಗಾಗಿ ದಿನಕರ್ಮ ಮುಗಿಸಿ ಅಣ್ಣ ಬಂದೂಕ ಒಯ್ದು ಠಾಣೆಗೆ ಒಪ್ಪಿಸಿದ. ಆ ವರ್ಷ ಸೂತಕದ ಮನಿ, ಹಬ್ಬ ಇಲ್ಲ. ಅಪ್ಪನ ಲೈಸೆನ್ಸ್ ತನ್ನ ಹೆಸರಿಗೆ ಆಗಬೇಕು, ಅದೇ ಬಂದೂಕ ತನಗ ಬರಬೇಕು ಅಂತ ಅಣ್ಣ ಅರ್ಜಿ ಹಾಕಿದ. ವಾರಸುದಾರರು ಎಲ್ಲಾರೂ 'ನಮ್ಮ ತಕರಾರು ಇಲ್ಲ' ಅಂತ ಬರದು ಕೊಡಬೇಕು. ವಾರಸುದಾರರಂದ್ರ ಎಷ್ಟು ಮಂದಿ? ಅವ್ವ, ಅಣ್ಣ, ನಾನು. ಅವ್ವ ಬಂದೂಕಿನ ಪೂಜಾರಿ, ಆಕಿದು ಕೇಳೂದೇ ಬ್ಯಾಡ. ಉಳದಾಕಿ ನಾ ಒಬ್ಬಾಕಿ.

'ನಾ ಸಹಿ ಮಾಡಂಗಿಲ್ಲ' ಅಂದೆ.

ಅಣ್ಣ ಅಂಗಲಾಚಿದ, ಬೈದ, ಎರಡು ತಿಂಗಳು ಮಾತು ಬಿಟ್ಟ. ನಾ ಕರಗಲಿಲ್ಲ.

ಅಷ್ಟರಾಗ ಠಾಣೆಯಿಂದ ಅವಗ ಬುಲಾವ್ ಬಂತು. ಫೈಲಿಗೆ ಬಂದೂಕಿನ ಮ್ಯಾಲಿನ ನಂಬರಿನ ಫೋಟೋ ಬೇಕಾಗಿತ್ತಂತ. ನಂಬರ್ ಇರೂದು ನಳಿಗಿ ಬುಡದಾಗ. ಅಲ್ಲಿ ನೋಡಿದ್ರ ನಂಬರೇ ಇಲ್ಲ. ಕನ್ನಡಿ ಹಂಗ ನುಣ್ಣಗ ಐತಂತ. ಇಷ್ಟು ವರ್ಷ ಎಲೆಕ್ಷನಿಗೊಮ್ಮೆ ಒಪ್ಪಿಸಿದಾಗ ಯಾರೂ ನೋಡಿರಲಿಲ್ಲ, ಲೈಸೆನ್ಸ್ ಬುಕ್ಕಿನ್ಯಾಗ ಇದ್ದದ್ದನ್ನೇ ರಿಜಿಸ್ಟರಿನ್ಯಾಗ ಇಳಿಸಿಕೋತಿದ್ರು. ಬಂದೂಕಿನ ನಂಬರ್ ಅಳಿಸೂದು ದೊಡ್ಡ ಗುನ್ಹೆ, ಜೈಲಿಗೆ ಹೋಗೂ ಅಂಥಾದ್ದು. ಕದ್ದ ಬಂದೂಕಿಗೆ ಹಂಗ ಮಾಡತಾರಂತ, ಮೂಲ ಸಿಗಬಾರದು ಅಂತ.

ಅಣ್ಣ ಫೋನ್ ಮಾಡಿದಾಗ ಅವನ ದನಿ ಅವಂದಲ್ಲ. 'ತಂಗಿ, ನೀ ಬಾ' ಅಂದ, ಅಷ್ಟೇ.

ಜೇವರ್ಗಿಯಿಂದ ಕಲಬುರಗಿ, ಅಲ್ಲಿ ಬಸ್ ಬದಲಿಸಿ ಚೌಡಾಪುರ ದಾಟಿ ಹೋಗಬೇಕು. ದಾರಿ ತುಂಬ ನನ್ನ ತಲ್ಯಾಗ ಒಂದೇ ಮಾತು. ಇದನ್ನ ಬರಿಯಾಕ ನಾಚಿಕಿ ಆಗತದ, ಆದ್ರೂ ಬರೀತೇನಿ: ಅಣ್ಣನೇ ಅಳಿಸ್ಯಾನ ಅನಕೊಂಡೆ. ಅಪ್ಪನ ಬಂದೂಕ ಯಾರಿಗೋ ಕೊಟ್ಟು, ನಂಬರಿಲ್ಲದ್ದೊಂದು ತಂದು ಇಟ್ಟಾನೇನೋ ಅಂತ ಸೈತ ಅನಕೊಂಡೆ. ಠಾಣೆಗೆ ಹೋದ್ರ ಅವ ಬೆಂಚಿನ ಮ್ಯಾಲ ಎರಡೂ ಕೈ ತೊಡಿ ನಡುವ ಇಟಗೊಂಡು, ಸಾಲ್ಯಾಗ ಮಾಸ್ತರ ಹೊರಗ ಕುಂದ್ರಿಸಿದಂಗ ಕುಂತಿದ್ದ. ಐವತ್ತೈದರ ಮನಷ್ಯಾ. ನನ್ನ ನೋಡಿದವನೇ, 'ನೀ ನಂಬತಿಯಲ್ಲ, ನಾ ಮುಟ್ಟಿಲ್ಲ' ಅಂದ. ನಾ 'ಹೂಂ' ಅಂದೆ. ಆ 'ಹೂಂ' ಪೂರಾ ಖರೇ ಇದ್ದಿಲ್ಲ.

ಸಬ್ ಇನ್ಸ್‌ಪೆಕ್ಟರ್ ಸಾಹೇಬರು ಹುಡುಗ ವಯಸ್ಸಿನವರು, ಸಿಟ್ಟಿನವರಲ್ಲ, ಆದ್ರ ಬಿಡೂ ಪೈಕಿನೂ ಅಲ್ಲ. 'ನೋಡ್ರಿ ಅಕ್ಕಾರ, ನಂಬರ್ ತಾನಾಗೇ ಹೋಗಂಗಿಲ್ಲ. ಯಾರೋ ಉಜ್ಜ್ಯಾರ. ಯಾರಂತ ಹೇಳ್ರಿ, ಇಲ್ಲಂದ್ರ ನಾ ಕೇಸ್ ಮಾಡಬೇಕಾಗತದ' ಅಂದ್ರು. ಬಂದೂಕ ಮೇಜಿನ ಮ್ಯಾಲಿತ್ತು. ನಾ ಅದನ್ನ ಬೆಳಕಿಗೆ ಹಿಡಿದು ನೋಡಿದೆ. ಸಣ್ಣ ಸಣ್ಣ ಗೀರು, ಎಲ್ಲಾ ಗುಂಡಗ, ಒಂದೇ ಕಡೆ ತಿರುಗಿದ್ದು. ನಮ್ಮ ದೇವರ ತಂಬಗಿ ಮ್ಯಾಲೂ ಹಿಂಗೇ ಗೀರು ಅದಾವ.

ಅಯ್ಯ ಶಿವನೇ! ನನಗ ನಗು ಬಂತು, ಅಳು ಬಂತು, ಎರಡೂ ಕೂಡೇ ಬಂದವು. 'ಸಾಹೇಬರ, ಉಜ್ಜಿದಾಕಿ ನಮ್ಮವ್ವರಿ. ಹುಣಸಿಹಣ್ಣು, ಇಟ್ಟಂಗಿ ಪುಡಿ' ಅಂದೆ. ಬಾಗಲ ಹತ್ರ ನಿಂತಿದ್ದ ಮುದಿ ಹವಾಲ್ದಾರ ಕಿಸಕ್ಕಂತ ನಕ್ಕ. ಸಾಹೇಬರು ನಗಲಿಲ್ಲ. ಅಮ್ಮನ್ನ ಕರಕೊಂಡು ಬರ್ರಿ ಅಂದ್ರು.

ಮರುದಿನ ಅವ್ವ ಬಂದಳು. ಎಂಬತ್ತರ ಹತ್ರದಾಕಿ, ಇಳಕಲ್ ಸೀರಿ ಉಟಗೊಂಡು, ಸೆರಗು ಬಿಗಿಮಾಡಿ, ಬೀಗರ ಮನಿಗೆ ಬಂದಂಗ ಬಂದಳು. ಕೈಯಾಗೊಂದು ಚೀಲ. ಚೀಲದಾಗ ಹುಣಸಿಹಣ್ಣು, ಇಟ್ಟಂಗಿ ಪುಡಿ, ನಾರು.

'ನಾನೇ ತಿಕ್ಕೇನಪಾ. ಮದುವಿ ಆಗಿ ಬಂದ ವರ್ಷದಿಂದ ತಿಕ್ಕೇನಿ. ಅಲ್ಲೇನೋ ಕೀಟದಂಗ ಅಕ್ಷರ ಇದ್ದವು. ಅದರಾಗ ಕುಂಕುಮ ಹೊಕ್ಕೊಂಡು ಕುಂದರತಿತ್ತು. ಕುಂಕುಮ ಹೋಗಲಿ ಅಂತ ತಿಕ್ಕಿದೆ, ಅಕ್ಷರಾನೂ ಹೋದವು. ನನ್ನ ಮಗಂದೇನೂ ತಪ್ಪಿಲ್ಲ. ಹಿಡಿಯೂದಿದ್ರ ನನ್ನ ಹಿಡೀರಿ' ಅಂದು ಎರಡೂ ಕೈ ಮುಂದ ಚಾಚಿದಳು. ಆಮ್ಯಾಲ ಯಾರೂ ಕೇಳದಿದ್ರೂ ಠಾಣೆಯ ನೀರಿನ ಹಿತ್ತಾಳಿ ತಂಬಗಿ ತಗೊಂಡು, ಅಲ್ಲೇ ನೆಲದ ಮ್ಯಾಲ ಕುಂತು, ಹ್ಯಾಂಗ ತಿಕ್ಕತಾಳಂತ ತೋರಿಸಿದಳು. ಅರ್ಧ ತಂಬಗಿ ಬಂಗಾರದಂಗ ಹೊಳೀತು. 'ಯವ್ವಾ, ಇನ್ನರ್ಧಾನೂ ತಿಕ್ಕಿಬಿಡು' ಅಂದ ಹವಾಲ್ದಾರ. ಸಾಹೇಬರಿಗೂ ಅವಾಗ ನಗು ತಡಕೊಳ್ಳಾಕ ಆಗಲಿಲ್ಲ.

ನಗು ಬ್ಯಾರೆ, ಕಾಗದ ಬ್ಯಾರೆ. 'ನಾ ನಂಬತೇನಿ. ಆದ್ರ ಇದು ಅದೇ ಬಂದೂಕು ಅಂತ ಹ್ಯಾಂಗ ಬರೀಲಿ?' ಅಂದ್ರು ಸಾಹೇಬರು. ಅವ್ವಗ ಅದು ತಿಳೀಲಿಲ್ಲ. 'ನಮ್ಮ ಬಂದೂಕ ನಮಗ ಗುರ್ತು ಸಿಗಂಗಿಲ್ಲೇನು?' ಅಂದಳು. ನನಗ ತಿಳೀತು. ನಂಬರ್ ಇರಬೇಕು, ನಂಬರ್ ಇರಬೇಕು ಅಂತ ಇಷ್ಟು ವರ್ಷ ಒದರಿದಾಕಿ ನಾನೇ. ಈಗ ನಂಬರಿಲ್ಲದ್ದಕ್ಕ ನನ್ನ ಅಣ್ಣ ಜೈಲಿಗೆ ಹೋಗೂ ಹೊತ್ತು ಬಂದಿತ್ತು.

ಅವತ್ತು ಸಂಜಿಮುಂದ ಅಣ್ಣಗ ಆಳಂದದ ಮುದುಕ ಸಾಹೇಬರ ನೆನಪಾತು. ಅಪ್ಪನ ಬಂದೂಕ ರಿಪೇರಿಗೆ ಹೋಗತಿದ್ದದ್ದು ಅವರ ಕಡೇನೇ. ಈಗ ದುಕಾನ ಮುಚ್ಚಿ ಮನ್ಯಾಗ ಅದಾರ, ಕಿವಿ ಮಂದ. ಫೋನಿನ್ಯಾಗ ಅಣ್ಣ ನಾಕು ಸಲ ಒದರಿ ಹೇಳಿದ ಮ್ಯಾಲ ಅವರು ನಕ್ಕು, 'ಅರೇ ಬೇಟಾ, ಇದಕ್ಕ ಯಾಕ ಅಳತಿ? ನಳಿಗಿ ಕೆಳಗ ಕೈ ಹಿಡಿಯೂ ಕಟ್ಟಿಗಿ ಅದಲ್ಲ, ಅದನ್ನ ಬಿಚ್ಚಿ ನೋಡು. ಕಂಪನಿಯವರು ಅಲ್ಲೂ ನಂಬರ್ ಹೊಡದಿರತಾರ. ನಿಮ್ಮಮ್ಮೀಜಾನ್ ಅಲ್ಲಿತನ ತಿಕ್ಕಿರಲಿಕ್ಕಿಲ್ಲ' ಅಂದ್ರು.

ಅದನ್ನ ಕೇಳಿ ಠಾಣೆ ಸಾಹೇಬರು ಜಿಲ್ಲೆಯಿಂದ ಪೊಲೀಸ್ ಇಲಾಖೆಯ ಬಂದೂಕ ಮಿಸ್ತ್ರಿನ ಕರಿಸಿದ್ರು. ಅದಕ್ಕೇ ಎಂಟು ದಿನ ಹೋದವು. ಆ ಎಂಟು ದಿನ ಅಣ್ಣ ಕಬ್ಬಿನ ಕಡೆ ಹೋಗಲಿಲ್ಲ, ಗಡ್ಡ ತೆಗಸಲಿಲ್ಲ. ನಾ ಅಂಗಡಿ ಮುಚ್ಚಿ ತವರಾಗೇ ಉಳಿದೆ. ಮಿಸ್ತ್ರಿ ಕಟ್ಟಿಗಿ ಬಿಚ್ಚಿ, ಎಣ್ಣಿ ಹಚ್ಚಿ ಒರಸಿದ. ನಂಬರ್ ಇತ್ತು. ಹವಾಲ್ದಾರ ಲೈಸೆನ್ಸ್ ಬುಕ್ಕು ಹಿಡಿದು ಒಂದೊಂದೇ ಅಂಕಿ ಓದಿದ, ಮಿಸ್ತ್ರಿ ಹೌದು ಹೌದು ಅಂದ. ಕಡೀ ಅಂಕಿಗೆ ಅಣ್ಣ ಗ್ವಾಡಿಗೆ ಒರಗಿ ಹೋ ಅಂತ ಅತ್ತುಬಿಟ್ಟ. ನಾನೂ ಅತ್ತೆ. ಇಂಥವನ ಮ್ಯಾಲ ಸಂಶಯ ಪಟ್ಟಾಕಿ ನಾ.

ಸಾಹೇಬರು ಪಂಚನಾಮೆ ಬರದು, ಅವ್ವನ ಜವಾಬು ಹಚ್ಚಿ, 'ಕೇಸ್ ಏನಿಲ್ಲ. ವಾರಸುದಾರರ ಒಪ್ಪಿಗಿ ತಂದು ಕೊಡ್ರಿ, ಫೈಲ್ ಮುಂದ ಕಳಸತೇನಿ' ಅಂದ್ರು.

ಠಾಣೆ ಹೊರಗ ಬೇವಿನ ಗಿಡದ ಬುಡಕ್ಕ ಮೂವರೂ ಕುಂತಿವಿ. ನನ್ನ ಚೀಲದಾಗ ಎರಡು ಒಪ್ಪಿಗಿ ಕಾಗದ ಇದ್ದವು, ಹಿಂದಿನ ದಿನ ಅಫಜಲಪುರಕ್ಕ ಹೋಗಿ ನಾನೇ ಟೈಪ್ ಮಾಡಿ ತಂದಿದ್ದೆ. ನಂಬರ್ ಸಿಕ್ಕರ ಸಹಿ ಮಾಡತೇನಿ ಅಂತ ಮನಸಿನ್ಯಾಗ ಹರಕಿ ಹೊತ್ತಿದ್ದೆ. ಪೆನ್ ತೆಗೆದು ನಂದಕ್ಕ ಸಹಿ ಹಾಕಿದೆ. ಅಣ್ಣ ನನ್ನ ಮಾರಿ ನೋಡಿದ, ನನ್ನ ತಲಿ ಮ್ಯಾಲ ಕೈ ಇಟ್ಟ. ಆಮ್ಯಾಲ ಶಾಯಿ ಪ್ಯಾಡು ತೆಗೆದು ಅವ್ವನ ಮುಂದ ಹಿಡದ.

'ಹಾಂ, ಹೆಬ್ಬಟ್ಟು ಒತ್ತವ್ವಾ.'

ಅವ್ವ ಕೈ ಮುಚ್ಚಿ ಹಿಡಕೊಂಡಳು. 'ಅದರಾಗ ಏನು ಬರದೀರಿ, ಓದು' ಅಂದಳು ನನಗ.

ಓದಿದೆ. ಸದರಿ ಬಂದೂಕು ನನ್ನ ಮಗನ ಹೆಸರಿಗೆ ಆಗಲು ನನ್ನ ತಕರಾರು ಇಲ್ಲ.

'ಐತಿ' ಅಂದಳು ಅವ್ವ. 'ನಂದು ತಕರಾರು ಐತಿ. ಹಂಗ ಬರಿ.'

ಅಣ್ಣ ನಗಾಕ ನೋಡಿದ. 'ಏನವ್ವಾ ಇದು, ವರ್ಷಾ ಪೂಜಾ ಮಾಡಾಕಿ ನೀನೇ...'

'ಪೂಜಾ ಮಾಡಿದ್ದು ಹೌದು. ಯಾಕ ಮಾಡಿದೆ, ಅದನ್ನ ಯಾರಾರ ಕೇಳೀರೇನು? ಆ ಬದುವಿನ ಜಗಳದ ದಿನ ನಿಮ್ಮಪ್ಪ ಅದನ್ನ ಮನಷ್ಯಾನ ಮ್ಯಾಲ ಎತ್ತಿದ. ಅವತ್ತಿಂದ ವರ್ಷಾ ತಿಕ್ಕುವಾಗ ಒಂದೇ ಬೇಡಿಕೋತ ಬಂದೇನಿ. ತಾಯೀ, ಈ ವರ್ಷಾನೂ ಇದು ಯಾರ ಎದಿಗೂ ಏಳಬಾರದು. ನಿಮ್ಮಪ್ಪ ಸಿಟ್ಟಿನ ಮನಷ್ಯಾ. ಅವನು ಹೋಗೂತನ ಕಾಯ್ದೆ, ಮುಗೀತು. ನೀನೂ ಅವನ ಮಗಾನೇ. ನಿಂದನ್ನೂ ಕಾಯಾಕ ನನಗ ಇನ್ನ ಆಯುಷ್ಯ ಇಲ್ಲಪಾ.'

ಅಣ್ಣ ಶಾಯಿ ಪ್ಯಾಡು ಮುಚ್ಚಿದ. ಅವಗ ಸಿಟ್ಟು ಬಂದಿತ್ತು. ಎದ್ದು ಬೈಕಿನ ಹತ್ರ ಹೋಗಿ ನಿಂತ. ಎಷ್ಟೋ ಹೊತ್ತಾದ ಮ್ಯಾಲ ತಿರುಗಿ ಬಂದು, 'ಬರೀ' ಅಂದ ನನಗ. ನಾ ಪೆನ್ ತಗೊಂಡು 'ಇಲ್ಲ' ಅನ್ನೂದನ್ನ ಹೊಡದು 'ಇದೆ' ಅಂತ ಬರದೆ. ಅವ್ವ ತಾನೇ ಪ್ಯಾಡು ತೆರದು, ಹೆಬ್ಬಟ್ಟು ಒತ್ತಿ, ಶಾಯಿನ ಬೇವಿನ ಗಿಡಕ್ಕ ಒರಸಿದಳು.

ಬಂದೂಕ ಸರಕಾರಕ್ಕ ಹೋತು. ಅಣ್ಣ ಬೇಕಾದ್ರ ತನ್ನ ಹೆಸರಿನ್ಯಾಗ ಹೊಸಾ ಲೈಸೆನ್ಸ್, ಹೊಸಾ ಬಂದೂಕ ಕೇಳಬಹುದಿತ್ತು. ಕಾನೂನಿನ್ಯಾಗ ಯಾವ ಅಡ್ಡಿನೂ ಇದ್ದಿಲ್ಲ. ಕೇಳಲಿಲ್ಲ. ಕಬ್ಬಿನ ಸುತ್ತ ತಂತಿ ಎಳದು ಕರೆಂಟ್ ಹೊಡಿಯೂ ಝಟಕಾ ಮಷೀನ್ ಕುಂದ್ರಿಸ್ಯಾನ. ಅದು ಹಂದಿಗಿಂತ ತನಗೇ ಹೆಚ್ಚು ಹೊಡದೈತಿ ಅಂತ ಬೈತಾನ. ಹಂದಿ ಇನ್ನೂ ಬರತಾವ. ಹೋದ ತಿಂಗಳು ಒಂದು ಮೂಲಿ ಕೆಡವಿ ಹೋಗ್ಯಾವ. ಅವಾಗ ಫೋನ್ ಮಾಡಿ ನನಗೂ ಬೈದ, ಬೈಸಿಕೊಂಡೆ. ಅವನ ನಷ್ಟ ಖೊಟ್ಟಿ ಅಂತ ನಾ ಹೇಳಂಗಿಲ್ಲ.

ಈ ಸಲ ಮಹಾನವಮಿಗೆ ತವರಿಗೆ ಹೋಗಿದ್ದೆ. ಹಿಂದಿನ ದಿನ ಅವ್ವ ಕುಡಗೋಲು, ಕುರ್ಪಿ, ತಂಬಗಿ, ಸಮೆ ಎಲ್ಲಾ ತಿಕ್ಕಿದಳು. ಪಡಸಾಲಿ ಗೂಟಕ್ಕ ಅಣ್ಣನ ರೇನ್‌ಕೋಟು ಜೋತಬಿದ್ದಿತ್ತು. ಮರುದಿನ ಮುಂಜಾನೆ ನಾ ಜಳಕ ಮಾಡಿ ಬರೂದ್ರಾಗ, ಪೂಜಾ ಇನ್ನೂ ಆಗಿದ್ದಿಲ್ಲ, ಅವ್ವ ಅಡಿಗಿಮನ್ಯಾಗ ಒಲಿ ಮುಂದ ಕುಂತಿದ್ದಳು. ಆಕಿ ಮುಂದ ತಾಟು.

'ಅವ್ವಾ, ಇವತ್ತು ನವಮಿ. ನಿನ್ನ ಉಪವಾಸ?' ಅಂದೆ.

'ಉಪವಾಸ ಯಾರಿಗೆ ಬೇ? ನನಗ ಹಸಿವಿ ಆಗೈತಿ' ಅಂದು ಬಿಸಿ ಹೋಳಿಗಿ ಮುರದು ಬಾಯಾಗ ಇಟಗೊಂಡಳು.